ಕೋಲ್ಡ್ ರೂಮಿನ ಬಾಗಿಲ ಮೇಲಿನ ಚೀಟಿ

ನನ್ನ ಟೊಮೆಟೊ ಸುಳ್ಳು ಹೇಳುವುದಿಲ್ಲ. ಇಪ್ಪತ್ತು ವರ್ಷದಿಂದ ಹಣ್ಣುಗಳ ಜೊತೆ ಏಗುತ್ತಿರುವವಳು ನಾನು. ಯಾವ ಹಣ್ಣು ಯಾವ ದಿನ ಬಣ್ಣ ತಿರುಗುತ್ತದೆ, ಯಾವಾಗ ಸಿಹಿ ಕೂಡುತ್ತದೆ, ಯಾವಾಗ ಮೆತ್ತಗಾಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಜಂಬ ಅನ್ನಿ, ಬೇಜಾರಿಲ್ಲ. ಕೆಲಸ ಗೊತ್ತಿದ್ದವಳಿಗೆ ಅಷ್ಟೂ ಜಂಬ ಬೇಡವೇ?

ಪೇಟೆಯಲ್ಲಿ ಸಿಗುವ ಟೊಮೆಟೊ ನೋಡಿ. ಕೆಂಪಗೆ, ಗುಂಡಗೆ, ನೆಲಕ್ಕೆ ಬಿದ್ದರೂ ಒಡೆಯದಷ್ಟು ಗಟ್ಟಿ. ಬಾಯಿಗಿಟ್ಟರೆ ಸಪ್ಪೆ. ದೂರ ಸಾಗಿಸಬೇಕೆಂದು ಗಟ್ಟಿ ಹಣ್ಣನ್ನೇ ಆರಿಸುತ್ತ ಹೋದವರು ಘಮ ಕೊಡುವ ಜೀನನ್ನು ದಾರಿಯಲ್ಲೆಲ್ಲೋ ಕಳೆದುಕೊಂಡುಬಿಟ್ಟರು. ಅದು ಗೋಲಿ ಗಾತ್ರದ ಒಂದು ಕಾಡು ಟೊಮೆಟೊದಲ್ಲಿ ಉಳಿದಿತ್ತು. ಆ ಪುಟಾಣಿಯನ್ನು ಪೇಟೆಯ ತಳಿಯೊಂದಿಗೆ ಕೂಡಿಸಿ, ಹುಟ್ಟಿದ್ದನ್ನು ಮತ್ತೆ ಕೂಡಿಸಿ, ಎಂಟು ತಲೆಮಾರು ದಾಟಿಸಿ, ಈ ಸಲ ಗಾಜಿನ ಮನೆಯಲ್ಲಿ ನಲವತ್ತು ಗಿಡ ನಿಲ್ಲಿಸಿದ್ದೆವು, ನಾನು ಮತ್ತು ನನ್ನ ವಿದ್ಯಾರ್ಥಿನಿ.

ಅವಳನ್ನು ಲ್ಯಾಬಿನಲ್ಲಿ ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಾರೆ. ಚಹಾಕ್ಕೆ ಸಕ್ಕರೆಯನ್ನೂ ತೂಗಿ ಹಾಕುವ ಜಾತಿ. ಮಾತು ಕಡಿಮೆ. ಬಗಲಲ್ಲಿ ಸದಾ ಒಂದು ದಪ್ಪ ನೋಟ್‌ಬುಕ್ಕು. ಹಣ್ಣು ಕೊಯ್ದ ಗಂಟೆ, ನಿಮಿಷ, ಯಾರು ಏನಂದರು, ಎಲ್ಲವೂ ಅದರೊಳಗೆ. ಅವಳ ಐದು ವರ್ಷದ ಪಿಎಚ್‌ಡಿ ಈ ನಲವತ್ತು ಗಿಡಗಳ ಮೇಲೆ ನಿಂತಿತ್ತು.

ಮಂಗಳವಾರ ಬೆಳಿಗ್ಗೆ ಅವಳು ಬಂದು ನನ್ನ ಮೇಜಿನ ಮೇಲೆ ಗ್ರಾಫ್ ಇಟ್ಟಳು.

"ಮೇಡಂ, ಬಂದಿಲ್ಲ."

"ಏನು ಬಂದಿಲ್ಲ?"

"ಘಮ. ನಮ್ಮ ಗಿಡಕ್ಕೂ ಪೇಟೆ ತಳಿಗೂ ವ್ಯತ್ಯಾಸಾನೇ ಇಲ್ಲ. ನಲವತ್ತಕ್ಕೆ ನಲವತ್ತೂ ಸಪ್ಪೆ."

"ಎಲೆ ಪರೀಕ್ಷೇಲಿ ಜೀನ್ ಇತ್ತಲ್ಲ?"

"ಇದೆ ಮೇಡಂ. ಎಲ್ಲದರಲ್ಲೂ ಇದೆ."

"ಜೀನ್ ಇದೆ, ಘಮ ಇಲ್ಲ! ಅಡುಗೆಯವರು ಮನೇಲೇ ಇದ್ದಾರೆ, ಅಡುಗೆ ಮಾತ್ರ ಆಗಿಲ್ಲ ಅಂದ ಹಾಗಾಯ್ತು."

ಆ ದಿನ ಬೆಳಿಗ್ಗೆಯಷ್ಟೇ ಗಿಡದಿಂದ ಒಂದು ಹಣ್ಣು ಕಿತ್ತು ತಿಂದಿದ್ದೆ. ಕಚ್ಚಿದ ಕೂಡಲೇ ಮೂಗಿನವರೆಗೆ ಏರಿದ ಆ ಘಮಕ್ಕೆ ನಿಂತಲ್ಲೇ ನಕ್ಕಿದ್ದೆ. ನನ್ನ ನಾಲಿಗೆ ಸರಿ, ನನ್ನ ಗಿಡ ಸರಿ. ಅಂದಮೇಲೆ ತಪ್ಪು ಯಾರದ್ದು? ಎದುರಿಗೆ ನಿಂತವಳದ್ದೇ.

"ಚೀಟಿ ಅಂಟಿಸೋವಾಗ ಅದಲುಬದಲು ಮಾಡಿದ್ದೀಯ ನೀನು."

"ಇಲ್ಲ ಮೇಡಂ."

"ಇಲ್ಲ ಅಂದ್ರೆ ಮುಗೀತಾ?"

"ಮೇಡಂ, ಒಂದು ವಿಷಯ..." ಎಂದು ಅವಳು ನೋಟ್‌ಬುಕ್ಕು ತೆರೆಯಹೋದಳು.

"ನಿನ್ನ ಪುರಾಣ ಆಮೇಲೆ ತೆಗಿ," ಎಂದುಬಿಟ್ಟೆ.

ನನ್ನ ಸಿಟ್ಟು ಹಾಲು ಉಕ್ಕಿದ ಹಾಗೆ. ಉಕ್ಕಿದ ಮೇಲೆ ಒಲೆ ಆರಿಸುವ ಬುದ್ಧಿ ಬರುತ್ತದೆ. ಅಷ್ಟರಲ್ಲಿ ಸಂಸ್ಥೆಯ ನಿರ್ದೇಶಕರಿಗೆ ಪತ್ರ ಕಳಿಸಿ ಆಗಿತ್ತು: ಹುಡುಗಿಯ ಅಜಾಗರೂಕತೆಯಿಂದ ಫಲಿತಾಂಶ ಕೆಟ್ಟಿದೆ, ಅವಳನ್ನು ಈ ಕೆಲಸದಿಂದ ಬಿಡಿಸಬೇಕು. ಸಂಜೆಗೆ ಉತ್ತರ ಬಂತು. ಸೋಮವಾರ ಇಬ್ಬರೂ ಬನ್ನಿ. ಫಲಿತಾಂಶ ಇದೇ ಆದರೆ ಹುಡುಗಿಯನ್ನು ಬಿಡಿಸುವುದಷ್ಟೇ ಅಲ್ಲ, ಗಿಡಗಳನ್ನು ಕೀಳಿಸಿ ಗಾಜಿನ ಮನೆಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ.

ಮನೆಗೆ ಹೋದರೆ ನಮ್ಮ ಯಜಮಾನರು ಪೇಟೆಯಿಂದ ತಂದ ಟೊಮೆಟೊವನ್ನು ಫ್ರಿಜ್ಜಿಗೆ ತುಂಬುತ್ತಿದ್ದರು. ಮೊದಲೇ ಉರಿಯುತ್ತಿದ್ದೆ.

"ರೀ! ಎಷ್ಟು ಸಲ ಹೇಳಬೇಕು ನಿಮಗೆ? ಶೀತ ತಾಗಿದ್ರೆ ಘಮ ಕೊಡೋ ಜೀನ್ ಬಾಯಿ ಮುಚ್ಕೊಂಡು ಕೂತುಬಿಡುತ್ತೆ. ಸಿಹಿ ಹುಳಿ ಹಾಗೇ ಇರುತ್ತೆ, ಘಮ ಹೋಗುತ್ತೆ. ಹೊರಗಿಡಿ."

"ಮದುವೆಯಾದಾಗಿಂದ ಇದೇ ಪಾಠ ಕಣೆ," ಎಂದು ಅವರು ಗೊಣಗುತ್ತ ಒಂದೊಂದಾಗಿ ಹೊರಗೆ ತೆಗೆದಿಟ್ಟರು. "ಜೀನಿಗಾದ್ರೂ ಬಾಯಿ ಮುಚ್ಕೊಳ್ಳೋಕೆ ಬರುತ್ತೆ, ಪುಣ್ಯ ಮಾಡಿದೆ."

ನಗು ಬಂತು, ತಡೆದುಕೊಂಡೆ. ಗೆದ್ದವಳ ಹಾಗೆ ಕೈಕಾಲು ತೊಳೆಯಲು ಹೋದೆ.

ಮರುದಿನ ತಕ್ಕಡಿಯ ಬೆನ್ನು ಹತ್ತಿದೆ. ಗಿಡದಿಂದ ಘಮ ಅಳೆಯುವ ಯಂತ್ರದವರೆಗೆ ಹಣ್ಣು ಹೋಗುವ ದಾರಿಯಲ್ಲಿ ಎಲ್ಲಿ ತಪ್ಪುತ್ತಾಳೆ ನೋಡೇಬಿಡೋಣ ಎಂಬ ಹಟ. ಅವಳು ಬೇಡ ಅನ್ನಲಿಲ್ಲ. ಗಿಡದ ಸಂಖ್ಯೆ ಓದಿದಳು, ಕೊಯ್ದಳು, ಚೀಟಿ ಅಂಟಿಸಿದಳು, ಸಂಖ್ಯೆಯನ್ನು ಮತ್ತೊಮ್ಮೆ ಓದಿದಳು, ತೂಗಿದಳು, ಬರೆದುಕೊಂಡಳು. ಇಪ್ಪತ್ತು ಹಣ್ಣು ಕಳೆಯಿತು, ಮೂವತ್ತು ಕಳೆಯಿತು. ಕೂದಲೆಳೆಯಷ್ಟು ತಪ್ಪಿಲ್ಲ. ಬುಟ್ಟಿ ಹೊತ್ತುಕೊಂಡು ಲ್ಯಾಬಿನ ಕಾರಿಡಾರ್ ಉದ್ದಕ್ಕೂ ನಡೆದಳು, ಹಿಂದೆ ನಾನು. ಕಾರಿಡಾರಿನ ಕೊನೆಯಲ್ಲಿ ಕೋಲ್ಡ್ ರೂಮು. ಅವಳು ಬಾಗಿಲ ಹಿಡಿಗೆ ಕೈ ಹಾಕಿದಳು.

"ನಿಲ್ಲು! ಇದರೊಳಗೆ ಯಾಕೆ?"

 ಅವಳು ಬಾಗಿಲ ಮೇಲೆ ಕಣ್ಣು ಹಾಯಿಸಿದಳು. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಳೆಯ ಚೀಟಿ, ಅಕ್ಷರ ನನ್ನದೇ.

"ಕೊಯ್ದ ಹಣ್ಣು ಕೂಡಲೇ ಇಲ್ಲಿಗೆ. ವಾರದ ಹಣ್ಣು ಸೇರಿದ ಮೇಲೆ ಒಟ್ಟಿಗೆ ಅಳತೆ. ಇದನ್ನು ಮೀರಿದವರು ನನ್ನ ಮುಂದೆ ಬರಬೇಡಿ."

ಹದಿನೇಳು ವರ್ಷದ ಹಿಂದೆ ಬರೆದದ್ದು. ಆಗ ನಾವು ಹಣ್ಣಿನ ಸಿಹಿ ಹುಳಿ ಅಳೆಯುತ್ತಿದ್ದೆವು, ಅವಕ್ಕೆ ಶೀತದಿಂದ ಏನೂ ಆಗುವುದಿಲ್ಲ. ಘಮದ ಕೆಲಸ ಹಿಡಿದ ಮೇಲೆ ಹೋದ ವರ್ಷದವರೆಗೂ ಗಿಡ ನಾಲ್ಕೋ ಐದೋ ಇರುತ್ತಿದ್ದವು, ಹಣ್ಣು ಕೊಯ್ದ ಕೈಯಲ್ಲೇ ಯಂತ್ರಕ್ಕೆ ಹೋಗುತ್ತಿತ್ತು. ಈ ಸಲ ನಲವತ್ತು ಗಿಡ. ಹಣ್ಣು ವಾರವಿಡೀ ಇದರೊಳಗೆ ಕೂತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ. ನಿನ್ನೆ ತಾನೇ ಗಂಡನಿಗೆ ಪಾಠ ಹೇಳಿದ ಬಾಯಿ ಒಣಗಿ ಹೋಯಿತು.

"ನಿನಗೂ ಇದು ಗೊತ್ತಿತ್ತಲ್ವೇನೆ? ಒಂದು ಮಾತು ಕೇಳಬಾರದಿತ್ತಾ?"

ಅವಳು ಬುಟ್ಟಿ ಕೆಳಗಿಟ್ಟು ನೋಟ್‌ಬುಕ್ಕು ತೆರೆದು ನನ್ನ ಮುಂದೆ ಹಿಡಿದಳು. ಕೊಯ್ಲಿನ ಮೊದಲ ದಿನದ ಪುಟ, ಒಂಬತ್ತು ಗಂಟೆ ನಲವತ್ತು ನಿಮಿಷ: "ಶೀತದಲ್ಲಿಟ್ಟರೆ ಘಮ ಹೋಗುವುದಿಲ್ಲವೇ ಎಂದು ಮೇಡಂ ಅವರನ್ನು ಕೇಳಿದೆ. ‘ಬಾಗಿಲ ಮೇಲೆ ಬರೆದದ್ದು ಓದೋಕೆ ಬರಲ್ವಾ’ ಎಂದರು. ಶೀತದಲ್ಲಿಟ್ಟೆ."

ಅಂದದ್ದು ನನಗೆ ನೆನಪೂ ಇರಲಿಲ್ಲ. ಅವಳು ತೂಗಿ ಬರೆದಿಟ್ಟಿದ್ದಳು. ನಾಚಿಕೆ ಎಂದರೆ ಏನೆಂದು ಈ ವಯಸ್ಸಿನಲ್ಲಿ ಹೊಸದಾಗಿ ಕಲಿತೆ.

"ಬುಟ್ಟಿ ಎತ್ತು," ಎಂದೆ. "ನೆಟ್ಟಗೆ ಯಂತ್ರಕ್ಕೆ ನಡಿ."

ಅಂದಿನಿಂದ ಶನಿವಾರದವರೆಗೆ ಇಬ್ಬರೂ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಅಷ್ಟಷ್ಟೇ ಕೊಯ್ಯುವುದು, ಆಗಿಂದಾಗಲೇ ಅಳೆಯುವುದು. ಮೊದಲ ಹಣ್ಣಿನ ಗೆರೆ ಪರದೆಯ ತುದಿ ಮುಟ್ಟುವಂತೆ ಎದ್ದು ನಿಂತಾಗ ತಕ್ಕಡಿ ಮೊದಲ ಬಾರಿಗೆ ನನ್ನ ಮುಂದೆ ಕೂಗಿದಳು, "ಅಯ್ಯೋ ಮೇಡಂ, ನೋಡಿ!" ಪೇಟೆಯ ತಳಿಯ ಗೆರೆ ಕಾಲ ಬುಡದಲ್ಲೇ ಇತ್ತು. ನಲವತ್ತಕ್ಕೆ ನಲವತ್ತೂ ಘಮ. ನನ್ನ ಟೊಮೆಟೊ ಸುಳ್ಳು ಹೇಳುವುದಿಲ್ಲ ಎಂದಿದ್ದೆನಲ್ಲ!

ಸೋಮವಾರ ನಿರ್ದೇಶಕರ ಮೇಜಿನ ಮೇಲೆ ಎರಡು ಹಣ್ಣು ಇಟ್ಟೆ, ಒಂದು ಕೋಲ್ಡ್ ರೂಮಿನದು, ಒಂದು ಆಗತಾನೇ ಕೊಯ್ದದ್ದು. ಮೊದಲನೆಯದನ್ನು ಒಮ್ಮೆ ಕಚ್ಚಿ ಪಕ್ಕಕ್ಕಿಟ್ಟರು. ಎರಡನೆಯದನ್ನು ಕಚ್ಚಿದವರು ಅದನ್ನು ಪೂರ್ತಿ ಮುಗಿಸಿದರು.

"ಎರಡೂ ಒಂದೇ ಗಿಡದ್ದು ಸರ್," ಎಂದೆ.

"ಗಿಡ ಉಳೀತು ಬಿಡಿ," ಎಂದು ಬೆರಳು ಒರೆಸಿಕೊಂಡರು. "ಅಂದ್ರೆ ಹಣ್ಣನ್ನ ಶೀತದಲ್ಲಿಟ್ಟು ಕೆಡಿಸಿದ್ದು ಈ ಹುಡುಗಿ. ನಿಮ್ಮ ಪತ್ರ ಸರಿಯಾಗೇ ಇತ್ತು."

ಪಕ್ಕದಲ್ಲಿ ತಕ್ಕಡಿ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಕೂತಿದ್ದಳು. ಅದನ್ನು ತೆರೆದಿದ್ದರೆ ಸಾಕಿತ್ತು. ತೆರೆಯಲಿಲ್ಲ.

"ಪತ್ರ ತಪ್ಪು ಸರ್. ಶೀತದಲ್ಲಿಡು ಅಂತ ಬರೆದವಳು ನಾನು. ಇವಳು ಬಂದು ಕೇಳಿದಾಗ ಬೈದು ಕಳಿಸಿದವಳೂ ನಾನೇ. ಆ ಪತ್ರ ವಾಪಸ್ ತಗೊಳ್ತೀನಿ. ಇವಳಷ್ಟು ಚೊಕ್ಕ ಕೆಲಸ ಮಾಡೋರನ್ನ ನಾನು ನೋಡಿಲ್ಲ, ಅದನ್ನ ಬೇಕಾದ್ರೆ ಬರೆದು ಕೊಡ್ತೀನಿ."

 ಹೇಳುವಾಗ ಒಂದು ಪದವನ್ನೂ ನುಂಗಲಿಲ್ಲ.

ಹಿಂತಿರುಗುವಾಗ ಕಾರಿಡಾರಿನಲ್ಲಿ ಹಳೆಯ ಚೀಟಿಯನ್ನು ಕಿತ್ತು ಅವಳ ಕೈಗೆ ಕೊಟ್ಟೆ. "ಹೊಸದು ನೀನೇ ಬರಿ. ನಾನು ಬಾಯಿ ಹಾಕಲ್ಲ."

ಒಂದೊಂದು ಪದವನ್ನೂ ತೂಗುತ್ತ ಅರ್ಧ ಗಂಟೆ ತೆಗೆದುಕೊಂಡಳು. ಅಂಟಿಸಿ ಪಕ್ಕಕ್ಕೆ ಸರಿದಾಗ ನಾನು ಕನ್ನಡಕ ಏರಿಸಿ ಓದಿದೆ.

"ಘಮ ಅಳೆಯುವ ಹಣ್ಣು ಇಲ್ಲಿ ಬೇಡ. ಕೊಯ್ದ ಕೂಡಲೇ ಯಂತ್ರಕ್ಕೆ. ಸಂದೇಹ ಬಂದವರು ಮೇಡಂ ಮುಂದೆ ಬನ್ನಿ. ಬೈದರೆ ಇನ್ನೊಮ್ಮೆ ಬನ್ನಿ."