ಬಾರ್ಟ್ಲಿಯ ಡೈನಮೊ

“ಹೆಣದ ಪೆಟ್ಟಿಗೆ ಪ್ರಯಾಣಿಕರ ಲೆಕ್ಕಕ್ಕೂ ಬರೋದಿಲ್ಲ, ಲಗೇಜಿನ ಲೆಕ್ಕಕ್ಕೂ ಬರೋದಿಲ್ಲ ಮೇಡಂ. ಮಂಗಳವಾರ ಸರಕಿನ ಹಡಗಿದೆ. ಕಲ್ಲಿದ್ದಲು, ಗ್ಯಾಸ್ ಸಿಲಿಂಡರ್ ಎಲ್ಲಾ ಬರುತ್ತಲ್ಲ, ಅದರಲ್ಲಿ ಕಳಿಸಿಕೊಡ್ತೀವಿ,” ಎಂದ ಹ್ಯಾಕೆಟ್.

ದ್ವೀಪಕ್ಕೂ ಆಚೆ ದಡಕ್ಕೂ ನಡುವೆ ಓಡಾಡುವ ಫೆರಿ ಕಂಪನಿಯ ಮ್ಯಾನೇಜರ್ ಅವನು. ಸೊರಖಾ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು, ಕೇಳಿದ್ದು ಅದರ ತಪ್ಪೇನೋ ಎಂಬಂತೆ. ಮತ್ತೆ ಕಿವಿಗಿಟ್ಟುಕೊಂಡಳು.

“ಇನ್ನೊಂದ್ಸಲ ಹೇಳಿ. ಯಾವುದರ ಜೊತೆ?”

“ನಿಯಮ ಮೇಡಂ. ನಾನು ಮಾಡಿದ್ದಲ್ಲ.”

“ನಿಮ್ಮ ನಿಯಮಕ್ಕಿಷ್ಟು ಬೆಂಕಿ ಬೀಳ್ಲಿ. ಬಬೀನ್ ಶುಕ್ರವಾರದಿಂದ ಮಂಗಳವಾರದವರೆಗೆ ನಿಮ್ಮ ಕಲ್ಲಿದ್ದಲಿಗೆ ಕಾಯ್ಕೊಂಡು ಕೂರ್ಬೇಕಾ?”

ಆ ಕಡೆಯಿಂದ ಫೋನು ಕಟ್ಟಾಯಿತು.

ಬಬೀನ್ ಸೊರಖಾಳ ಚಿಕ್ಕಮ್ಮ. ದ್ವೀಪದ ನರ್ಸ್ ಆಗಿ ಒಂದು ಆಯುಷ್ಯವನ್ನೇ ಕಳೆದವಳು. ಈಗ ದ್ವೀಪದಲ್ಲಿ ಓಡಾಡುವವರಲ್ಲಿ ಅರ್ಧದಷ್ಟು ಜನ ಭೂಮಿಗೆ ಬಿದ್ದದ್ದು ಅವಳ ಅಂಗೈಯ ಮೇಲೆಯೇ. ಗುರುವಾರ ಆಚೆ ದಡದ ಗಾಲ್ವೇ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಸಾವಿನ ಮನೆಯ ಪದ್ಧತಿಯಂತೆ ಅವಳ ಮನೆಯಲ್ಲಿ ಗಡಿಯಾರ ನಿಲ್ಲಿಸಿದ್ದರು, ಕನ್ನಡಿಗೆ ಬಟ್ಟೆ ಹೊದಿಸಿದ್ದರು, ಹೆಂಗಸರು ಸೋಡಾ ಬ್ರೆಡ್ ಸುಟ್ಟು ರಾಶಿ ಹಾಕಿದ್ದರು. ರಾತ್ರಿಯೆಲ್ಲ ಅವಳ ಪಕ್ಕ ಕೂತು ಜಪಮಾಲೆ ಎಣಿಸಲು ಊರಿಗೆ ಊರೇ ಸಿದ್ಧವಾಗಿತ್ತು. ಬರಬೇಕಾದವಳೇ ಬಂದಿರಲಿಲ್ಲ.

ಸೊರಖಾಳ ಬಳಿ ದೋಣಿಯೇನೋ ಇತ್ತು. ಏಡಿ ಬಲೆ ಎಳೆಯುವ ಹಳೆಯ ಮರದ ದೋಣಿ. ಆದರೆ ಅದರ ಆಲ್ಟರ್ನೇಟರ್ ಹಿಂದಿನ ವಾರವಷ್ಟೇ ಹೊಗೆಯಾಡಿ ಸತ್ತಿತ್ತು. ಹೊಸದು ಬರಬೇಕಾದದ್ದೂ ಅದೇ ಮಂಗಳವಾರದ ಹಡಗಿನಲ್ಲಿ. ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದೇ ಆಲ್ಟರ್ನೇಟರಿನ ಕೆಲಸ. ಅದಿಲ್ಲದೆಯೂ ಹೊಸ ದೋಣಿಗಳು ಹೇಗೋ ದಡ ಸೇರಿಯಾವು. ಆದರೆ ಸೊರಖಾಳ ದೋಣಿಯ ಹಲಗೆಗಳು ಸದಾ ಜಿನುಗುತ್ತಿದ್ದವು, ನೀರೆತ್ತುವ ಪಂಪು ಉದ್ದಕ್ಕೂ ಓಡುತ್ತಲೇ ಇರಬೇಕಿತ್ತು. ಮನೆಯಲ್ಲಿ ಬ್ಯಾಟರಿಗೆ ಚಾರ್ಜು ಮಾಡಿಕೊಂಡು ಹೊರಟರೆ ಆಚೆ ದಡ ಮುಟ್ಟಬಹುದು. ಹೆಣ ಹೊತ್ತು ಮರಳುವಾಗ ನಡುನೀರಿನಲ್ಲಿ ಪಂಪು ಕೈಕೊಟ್ಟೀತು. ದ್ವೀಪದ ಉಳಿದೆರಡು ದೊಡ್ಡ ದೋಣಿಗಳು ಬಂಗುಡೆಯ ಬೆನ್ನುಹತ್ತಿ ಉತ್ತರಕ್ಕೆ ಹೋಗಿದ್ದವು.

ಅವಳ ಎಂಜಿನ್ ಹುಟ್ಟಿನಿಂದ ಟ್ರ್ಯಾಕ್ಟರಿನದು. ಕಾರ್ಖಾನೆಯವರು ಅದಕ್ಕೆ ಬಿಳಿ ಬಣ್ಣ ಬಳಿದು, ಉಪ್ಪುನೀರಿನಿಂದ ತಣಿಸುವ ಏರ್ಪಾಡು ಮಾಡಿ ಸಮುದ್ರಕ್ಕೆ ಇಳಿಸಿದ್ದರು. ಅದೇ ಎಂಜಿನ್ನಿನ ಟ್ರ್ಯಾಕ್ಟರ್ ದ್ವೀಪದಲ್ಲಿ ಇನ್ನೊಂದೇ ಒಂದಿತ್ತು. ಅದು ಬಾರ್ಟ್ಲಿಯದು. ಬಾರ್ಟ್ಲಿಗೂ ಬಬೀನ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಾರ್ಟ್ಲಿಯ ಹೆಂಡತಿ ತೀರಿಕೊಂಡ ವರ್ಷದಿಂದ ಅವರಿಬ್ಬರು ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ. ಚರ್ಚಿನಲ್ಲೂ ಒಬ್ಬರು ಎಡಕ್ಕೆ ಕೂತರೆ ಇನ್ನೊಬ್ಬರು ಬಲಕ್ಕೆ.

ಸೊರಖಾ ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಅವನ ಕೊಟ್ಟಿಗೆಗೆ ನಡೆದಳು.

“ನಿನ್ನ ಟ್ರ್ಯಾಕ್ಟರಿನ ಆಲ್ಟರ್ನೇಟರ್ ಬೇಕು ಬಾರ್ಟ್ಲಿ. ನಾಳೆ ವಾಪಸ್ ಕೊಡ್ತೀನಿ.”

ಎಪ್ಪತ್ತು ದಾಟಿದ ಬಾರ್ಟ್ಲಿ ಕುರಿಯ ಗೊರಸು ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ. “ಯಾರಿಗೋಸ್ಕರ ಅಂತ ಗೊತ್ತು. ಕೊಡಲ್ಲ.”

“ಅವಳನ್ನ ಕಲ್ಲಿದ್ದಲ ಮೂಟೆ ಜೊತೆ ಹಾಕಿ ಕಳಿಸ್ತಾರಂತೆ.”

“ಕಳಿಸ್ಲಿ. ಚಳಿ ಆಗಲ್ಲ.”

ಸೊರಖಾಳಿಗೆ ಅಡಿಯಿಂದ ಮುಡಿಯವರೆಗೆ ಉರಿ ಹತ್ತಿತು. “ಥೂ ನಿನ್ನ. ಸತ್ತವಳ ಮೇಲೆ ಏನು ಹಗೆ ನಿಂದು? ನಾನೀಗ ಬಿಚ್ಚಿಕೊಂಡು ಹೋಗ್ತೀನಿ. ತಾಕತ್ತಿದ್ರೆ ತಡಿ ಬಾ!” ಎಂದವಳೇ ಟ್ರ್ಯಾಕ್ಟರಿನ ಮೂತಿಯ ಮುಚ್ಚಳ ಎತ್ತಿ ಒಳಗೆ ಕೈಹಾಕಿದಳು.

ಬಾರ್ಟ್ಲಿ ಕುರಿಯನ್ನು ಬಿಟ್ಟು ಎದ್ದು ಬಂದ. ಎದೆಯ ಮೇಲೆ ಕೈಕಟ್ಟಿ ನಿಂತ. ಅವಳು ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ ಕೂಗಿದ.

“ಬ್ಯಾಟರಿ ವೈರ್ ಮೊದ್ಲು ತೆಗಿಯೇ ಹುಡುಗಿ! ಕಿಡಿ ಹಾರಿಸಿ ನನ್ನ ಡೈನಮೊ ಸುಡ್ತೀಯಾ?”

ಆಲ್ಟರ್ನೇಟರಿಗೆ ಅವನು ಇನ್ನೂ ಹಳೇ ಕಾಲದ ಹೆಸರನ್ನೇ ಹೇಳುತ್ತಿದ್ದ, ಡೈನಮೊ ಎಂದು. ಹುಡುಗಿಗೆ ಐವತ್ತು ದಾಟಿತ್ತು. “ತೆಗೆದೇ ಕೈಹಾಕಿದ್ದು. ಕಣ್ಣಿದ್ರೆ ನೋಡು.”

ನೋಡಿದ. ತೆಗೆದಿದ್ದಳು. ಅದರಿಂದ ಅವನ ಸಿಟ್ಟು ಇಳಿಯುವ ಬದಲು ಇನ್ನಷ್ಟು ಏರಿತು. “ಸರಿ. ನಿನ್ನ ಕೈಗೆ ಕೊಟ್ರೆ ಬೂದಿ ಆಗಿ ವಾಪಸ್ ಬರುತ್ತೆ. ನಾನೇ ಬಂದು ಕೂರಿಸ್ತೀನಿ. ನಾನು ಬರ್ತಿರೋದು ನನ್ನ ಡೈನಮೊ ಜೊತೆ. ಅವಳಿಗಾಗಿ ಅಲ್ಲ, ತಿಳೀತಾ?”

“ಯಾರ ಜೊತೆ ಬೇಕಾದ್ರೂ ಬಾ.”

ದೋಣಿಯ ಎಂಜಿನ್ ಗುಂಡಿಯಲ್ಲಿ ಇಬ್ಬರು ಕೂರುವಷ್ಟು ಜಾಗವಿರಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು, ಮಾತಿಗೆ ಮಾತು ತಾಗುತ್ತಲೇ ಇತ್ತು. ಸುಟ್ಟ ಆಲ್ಟರ್ನೇಟರನ್ನು ಬಿಚ್ಚುವ ಮೊದಲು ಸೊರಖಾ ಅದರ ಒಂದೊಂದು ವೈರಿಗೂ ಬೇರೆಬೇರೆ ಬಣ್ಣದ ಟೇಪು ಸುತ್ತಿದ್ದಳು. ಬ್ಯಾಟರಿಗೆ ಹೋಗುವ ದಪ್ಪ ಕೆಂಪು ಒಂದು. ಚುಕ್ಕಾಣಿಯ ಬಳಿಯ ಎಚ್ಚರಿಕೆ ದೀಪಕ್ಕೆ ಹೋಗುವ ತೆಳ್ಳನೆಯದು ಇನ್ನೊಂದು. ಕಪ್ಪು ಒಂದು.

“ಈ ಕಪ್ಪು ಯಾಕೆ?” ಎಂದ ಬಾರ್ಟ್ಲಿ. “ಟ್ರ್ಯಾಕ್ಟರಲ್ಲಿ ಇದಿಲ್ಲ. ಡೈನಮೊ ಮೈಯೇ ಕಬ್ಬಿಣಕ್ಕೆ ತಾಗಿರುತ್ತೆ, ಅದರಿಂದ್ಲೇ ಕರೆಂಟು ವಾಪಸ್ ಹೋಗುತ್ತೆ.”

“ನಿನ್ನ ಟ್ರ್ಯಾಕ್ಟರ್ ಪೂರಾ ಕಬ್ಬಿಣ. ಇದು ಮರದ ದೋಣಿ. ಎಂಜಿನ್ ಮೈಗೆ ಇಷ್ಟು ದಪ್ಪ ಬಣ್ಣ ಬಳಿದಿದೆ, ಕೆಳಗೆ ತುಕ್ಕು. ನಂಬ್ಕೊಂಡು ಕೂತ್ರೆ ನಡುಸಮುದ್ರದಲ್ಲಿ ಗೊತ್ತಾಗುತ್ತೆ.”

ಬಾರ್ಟ್ಲಿ ಗೊಣಗಿದ. ಆದರೂ ಜೇಬಿನಿಂದ ಚಾಕು ತೆಗೆದು ಡೈನಮೊದ ಬೆನ್ನನ್ನು ಬೆಳ್ಳಗಾಗುವಂತೆ ಕೆರೆದ. ಸೊರಖಾ ಅಲ್ಲಿಗೆ ಕಪ್ಪು ವೈರನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ನೇರವಾಗಿ ಬ್ಯಾಟರಿಗೇ ಕೊಟ್ಟಳು. ಡೈನಮೊದ ಗಾಲಿ ಬೆಲ್ಟಿನ ಸಾಲಿಗೆ ಕೂಡಲಿಲ್ಲ, ಕೂದಲೆಳೆಯಷ್ಟು ಒಳಗಿತ್ತು. ಒಂದು ವಾಷರ್ ತುರುಕಿದರು. ಸನ್ನೆಕೋಲು ಹಾಕಿ ಬೆಲ್ಟು ಎಳೆದು ಬಿಗಿದರು. ದಪ್ಪ ವೈರು ಬೆಲ್ಟಿಗೆ ಉಜ್ಜದಂತೆ ಹಗ್ಗದ ತುಂಡಿನಿಂದ ಕಟ್ಟಿದರು. ಕೊನೆಗೆ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿದರೆ, ಎಂಜಿನ್ ಗುಡುಗಿತು, ಪಂಪು ಹಾಡಿತು, ಆದರೆ ಬ್ಯಾಟರಿ ಮೀಟರಿನ ಮುಳ್ಳು ಮೇಲಕ್ಕೇರುವ ಬದಲು ನಿಧಾನಕ್ಕೆ ಕೆಳಗೆ ಜಾರತೊಡಗಿತು.

“ಸುಟ್ಟೆ!” ಎಂದು ಬಾರ್ಟ್ಲಿ ಬೊಬ್ಬೆ ಹೊಡೆದ. “ಹೇಳಿರಲಿಲ್ವಾ? ನಿಮ್ಮ ವಂಶಾನೇ ಇಷ್ಟು! ಕೈ ಇಟ್ಟಿದ್ದೆಲ್ಲಾ ಹಾಳು!”

“ಬಾಯಿ ಮುಚ್ಚು ಸ್ವಲ್ಪ.” ಸೊರಖಾ ಎಂಜಿನ್ ಆರಿಸಿದಳು. ಕೀಲಿಯನ್ನು ಅರ್ಧಕ್ಕೆ ತಿರುಗಿಸಿ ಚುಕ್ಕಾಣಿಯ ಬಳಿಯ ಕೆಂಪು ದೀಪ ನೋಡಿದಳು. ಎಂಜಿನ್ ನಿಂತಿರುವಾಗ ಅದು ಉರಿಯಬೇಕು. ಉರಿಯುತ್ತಿರಲಿಲ್ಲ. ಬಲ್ಬು ಬಿಚ್ಚಿ ಬೆಳಕಿಗೆ ಹಿಡಿದಳು. ಒಳಗಿನ ತಂತಿ ತುಂಡಾಗಿತ್ತು. “ಇದು ಸತ್ತಿದೆ. ನಿನ್ನ ಡೈನಮೊ ಸತ್ತಿಲ್ಲ.”

“ಎಚ್ಚರಿಕೆ ದೀಪಕ್ಕೂ ಡೈನಮೊಗೂ ಏನು ಸಂಬಂಧ? ದೀಪ ದೀಪ ಅಷ್ಟೇ.”

“ಈ ದೀಪದಿಂದ ಹೋಗೋ ಚೂರು ಕರೆಂಟೇ ಅದನ್ನ ಮೊದಲು ಎಬ್ಬಿಸೋದು. ಎಬ್ಬಿಸೋರಿಲ್ದೆ ಇದ್ರೆ ಅದು ಸುಮ್ನೆ ತಿರುಗ್ತಾ ಇರುತ್ತೆ, ನಿನ್ನ ಥರ. ಟ್ರ್ಯಾಕ್ಟರಿನ ಬಲ್ಬು ಬಿಚ್ಚಿಕೊಂಡು ಬಾ, ಇದೇ ಅಳತೆ.”

“ಡೈನಮೊ ಕಿತ್ತೆ. ಈಗ ಕಣ್ಣೂ ಕೀಳ್ತೀಯಾ?” ಎನ್ನುತ್ತಲೇ ಬಾರ್ಟ್ಲಿ ದಿಬ್ಬ ಹತ್ತಿ ಹೋದ. ಹೋದವನು ಏದುಸಿರು ಬಿಡುತ್ತಾ ಮರಳಿದ.

ಬಲ್ಬು ಹಾಕಿದೊಡನೆ ಕೆಂಪು ದೀಪ ಹೊತ್ತಿತು. ಎಂಜಿನ್ ಚಾಲೂ ಆಗಿ ವೇಗ ಏರುತ್ತಿದ್ದಂತೆ ದೀಪ ಆರಿತು, ಮುಳ್ಳು ಏರಿ ನಿಂತಿತು. ಇಬ್ಬರೂ ಅದನ್ನೇ ನೋಡಿದರು. ಯಾರೂ ಯಾರನ್ನೂ ಹೊಗಳಲಿಲ್ಲ.

“ಹಗ್ಗ ಬಿಚ್ಚು,” ಎಂದಳು ಸೊರಖಾ. ಬಾರ್ಟ್ಲಿ ಬಿಚ್ಚಿದ, ಮತ್ತೆ ದಡಕ್ಕೆ ಇಳಿಯಲಿಲ್ಲ.

ಉದ್ದನೆಯ ಅಲೆಗಳು ನಿಧಾನಕ್ಕೆ ಏಳುತ್ತಿದ್ದವು, ಗಾಳಿ ಇರಲಿಲ್ಲ. ಅರ್ಧ ದಾರಿಯವರೆಗೆ ಅವನು ಎಂಜಿನ್ ಗುಂಡಿಯ ಅಂಚಿನಲ್ಲಿ ಕೂತು ಬೆಲ್ಟನ್ನೇ ಕಾಯುತ್ತಿದ್ದ. ಆಮೇಲೆ, ಅವಳು ಏನೂ ಕೇಳದೆ ಇದ್ದರೂ, ಮಾತು ತೆಗೆದ.

“ನನ್ನ ಹೆಂಡ್ತಿಗೆ ಹೊಟ್ಟೆನೋವು ಬಂದಾಗ ಬಬೀನ್ ಹೇಳಿದ್ಳು, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂತ. ನಾನು ಹುಲ್ಲು ಒಣಗಿದೆ, ಮಳೆ ಬರೋಕೆ ಮುಂಚೆ ಬಣವೆ ಹಾಕ್ಬಿಡ್ತೀನಿ ಅಂದೆ. ಹಾಕಿ ಕರ್ಕೊಂಡು ಹೋದೆ. ತಡ ಆಗಿತ್ತು.”

ಸೊರಖಾ ಚುಕ್ಕಾಣಿ ಹಿಡಿದು ಮುಂದೆ ನೋಡುತ್ತಿದ್ದಳು.

“ಮಣ್ಣಾದ ಮಾರನೇ ವಾರ ಅಂಗಡೀಲಿ ಸಿಕ್ಕಿದ್ಳು. ‘ಹುಲ್ಲು ಒಣಗಿತಾ ಬಾರ್ಟ್ಲಿ?’ ಅಂದ್ಳು. ಎಲ್ಲರೂ ಇದ್ರು. ಯಾರೂ ಕೆಮ್ಮಲೂ ಇಲ್ಲ.” ಅವನು ಬೆಲ್ಟಿನಿಂದ ಕಣ್ಣೆತ್ತಿದ. “ಅವಳು ಹೇಳಿದ್ದು ಸುಳ್ಳು ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಮನೆಗೆ ಬಂದು ಕೆನ್ನೆಗೆ ಬಾರಿಸಿದ್ರೂ ನಿಂತು ತಿಂತಿದ್ದೆ. ಅಂಗಡೀಲಿ ಹೇಳ್ಬೇಕಿತ್ತಾ? ಊರೆಲ್ಲಾ ಅವಳನ್ನ ಸಂತಳು ಅಂತೀರಲ್ಲ, ಹೇಳು, ಅಂಗಡೀಲಿ ಹೇಳ್ಬೇಕಿತ್ತಾ?”

ಚಿಕ್ಕಮ್ಮನ ಆ ನಾಲಿಗೆ ಸೊರಖಾಳಿಗೂ ಗೊತ್ತು. ತಾನೇ ಎಷ್ಟೋ ಸಲ ಸುಟ್ಟುಕೊಂಡಿದ್ದಳು. “ಇಲ್ಲ,” ಎಂದಳು ಕೊನೆಗೆ. “ಹೇಳ್ಬಾರದಿತ್ತು.”

ಬಾರ್ಟ್ಲಿ ಮೂಗು ಒರೆಸಿಕೊಂಡು ಮತ್ತೆ ಬೆಲ್ಟು ನೋಡತೊಡಗಿದ.

ಆಚೆ ದಡದ ಹಡಗುಕಟ್ಟೆಯಲ್ಲಿ ಫೆರಿ ಹೊರಡಲು ನಿಂತಿತ್ತು. ಅದರ ಮೆಟ್ಟಿಲ ಮೇಲೆ ಪ್ರವಾಸಿಗರು, ಸೈಕಲ್ಲುಗಳು, ಸಾವಿಗೆಂದು ಡಬ್ಲಿನ್‌ನಿಂದ ಊರಿಗೆ ಹೊರಟ ದ್ವೀಪದವರು. ಸೊರಖಾ ಫೋನು ಮಾಡಿ ಆಸ್ಪತ್ರೆಯಿಂದ ಕರೆಸಿದ್ದ ಶವದ ಕಪ್ಪು ಕಾರು ಪಕ್ಕದಲ್ಲೇ ಕಾಯುತ್ತಿತ್ತು. ಸೊರಖಾ ಕಟ್ಟೆಯ ಮೆಟ್ಟಿಲಿನ ಬುಡಕ್ಕೆ ದೋಣಿ ತಂದು ನಿಲ್ಲಿಸಿದೊಡನೆ ಹ್ಯಾಕೆಟ್ ಹಳದಿ ಕೋಟು ತೊಟ್ಟುಕೊಂಡೇ ಓಡಿಬಂದ.

“ಇದು ಕಂಪನಿ ಜಾಗ. ಇಲ್ಲಿ ದೋಣಿ ಕಟ್ಟೋ ಹಾಗಿಲ್ಲ!”

“ಈ ಕಟ್ಟೆಗೆ ಕಲ್ಲು ಹೊತ್ತಿದ್ದು ನನ್ನಪ್ಪ,” ಎಂದ ಬಾರ್ಟ್ಲಿ ಹಗ್ಗ ಬಿಗಿಯುತ್ತಾ. “ನೀನು ಆಗ ಹುಟ್ಟಿರಲಿಲ್ಲ. ಹುಟ್ಟದೇ ಇದ್ದಿದ್ರೂ ನಡೀತಿತ್ತು.”

ಫೆರಿಯ ಮೇಲಿನಿಂದ ಯಾರೋ ನಕ್ಕರು. ಆಮೇಲೆ ಯಾರೂ ಹೇಳದೆಯೇ ಫೆರಿಯ ಇಬ್ಬರು ಕೆಲಸಗಾರರು ಇಳಿದು ಬಂದರು, ಹಿಂದೆಯೇ ಡಬ್ಲಿನ್‌ನಿಂದ ಬಂದ ಗಂಡಸರು. ಪೆಟ್ಟಿಗೆಗೆ ಹೆಗಲು ಕೊಟ್ಟರು. ಪಾಚಿಗಟ್ಟಿದ ಮೆಟ್ಟಿಲಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿಸುವಾಗ ಕಟ್ಟೆಯ ಮೇಲಿದ್ದವರೆಲ್ಲ ಟೋಪಿ ತೆಗೆದರು. ಕೆಲವರು ಫೋನು ಎತ್ತಿ ಚಿತ್ರ ಹಿಡಿಯತೊಡಗಿದರು. ಅದನ್ನು ಕಂಡ ಹ್ಯಾಕೆಟ್‌ನ ದನಿ ಒಮ್ಮೆಗೇ ಬೆಣ್ಣೆಯಾಯಿತು.

“ನೋಡಿ ಮೇಡಂ, ಇದು ವಿಶೇಷ ಸಂದರ್ಭ. ನಮ್ಮ ಫೆರಿಯಲ್ಲೇ ತಗೊಂಡು ಹೋಗಬಹುದು. ಕಂಪನಿ ಕಡೆಯಿಂದ.”

ಸೊರಖಾ ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದವಳು ಎದ್ದು ನಿಂತಳು. “ಬೆಳಿಗ್ಗೆ ಫೋನಲ್ಲಿ ಕೇಳಿಕೊಂಡೆ, ಆಗ ಇವಳು ಕಲ್ಲಿದ್ದಲು. ಈಗ ಜನ ನೋಡ್ತಿದ್ದಾರೆ ಅಂತ ಮನುಷ್ಯಳಾದ್ಳಾ? ಬೇಡ. ನಿನ್ನ ಕಡೆಯಿಂದ ಒಂದು ಹೂವೂ ಬೇಡ.”

ದೋಣಿ ಹೊರಟಿತು. ಪಂಪು ಓಡುತ್ತಿತ್ತು, ಮುಳ್ಳು ತನ್ನ ಜಾಗದಲ್ಲೇ ನಿಂತಿತ್ತು. ಬಾರ್ಟ್ಲಿ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಪೆಟ್ಟಿಗೆಯ ಪಕ್ಕ ಕೂತಿದ್ದ.

ಸ್ವಲ್ಪ ದೂರ ಬಂದ ಮೇಲೆ ಹಿಂದಿನಿಂದ ದೊಡ್ಡ ಎಂಜಿನ್ನಿನ ಸದ್ದು ಕೇಳಿತು. ಫೆರಿ. ಎಂದಿನಂತೆ ಅದು ನೊರೆ ಎಬ್ಬಿಸಿ ಪಕ್ಕದಲ್ಲೇ ನುಗ್ಗಿ ಹೋಗುತ್ತದೆಂದು ಸೊರಖಾ ಹಲ್ಲು ಕಚ್ಚಿ ದೋಣಿಯನ್ನು ಅಲೆಗೆದುರಾಗಿ ತಿರುಗಿಸಲು ಸಿದ್ಧಳಾದಳು. ಆದರೆ ಫೆರಿಯ ಸದ್ದು ತಗ್ಗಿತು. ಅದು ದೋಣಿಯ ಹಿಂದೆಯೇ, ದೋಣಿಯ ವೇಗಕ್ಕೇ ಬರತೊಡಗಿತು. ಅದರ ಕ್ಯಾಪ್ಟನ್ ಕೋಲೀನ್, ದ್ವೀಪದವನೇ. ಹುಟ್ಟಿದಾಗ ಅವನನ್ನೂ ಮೊದಲು ಎತ್ತಿಕೊಂಡವಳು ಬಬೀನ್.

ದೋಣಿಯ ರೇಡಿಯೋದಲ್ಲಿ ಹ್ಯಾಕೆಟ್ ಕಿರುಚುವುದು ಸೊರಖಾಳಿಗೂ ಕೇಳುತ್ತಿತ್ತು. “ಯಾಕೆ ನಿಧಾನ ಕೋಲೀನ್? ವೇಳೆ ಮೀರ್ತಿದೆ! ದಾಟಿ ಹೋಗು!”

ಕೋಲೀನ್‌ನ ದನಿ ಶಾಂತವಾಗಿತ್ತು. “ಸಾವಿನ ಮೆರವಣಿಗೆ ಸಾರ್. ದಾಟಿ ಹೋಗೋ ಪದ್ಧತಿ ನಮ್ಮಲ್ಲಿಲ್ಲ.”

ಹಾಗೆಯೇ ದ್ವೀಪದವರೆಗೆ ಬಂದರು. ಮುಂದೆ ಜಿನುಗುವ ಹಳೆಯ ದೋಣಿ, ಹಿಂದೆ ಅದರ ಹತ್ತುಪಟ್ಟು ದೊಡ್ಡ ಫೆರಿ. ಡೆಕ್ಕಿನ ಮೇಲೆ ಎಲ್ಲರೂ ಎದ್ದು ನಿಂತಿದ್ದರು, ಏನು ನಡೆಯುತ್ತಿದೆಯೆಂದು ಪೂರ್ತಿ ತಿಳಿಯದ ಜರ್ಮನ್ ಪ್ರವಾಸಿಗರೂ ಸಹ. ದಡದ ಮೇಲೆ ಊರು ಕಾಯುತ್ತಿತ್ತು. ಬಾರ್ಟ್ಲಿ ಪೆಟ್ಟಿಗೆಯ ಮುಂದಿನ ತುದಿಗೆ ಹೆಗಲು ಕೊಟ್ಟಾಗ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಅವನು ಬಬೀನ್‌ಳ ಮನೆಯ ಹೊಸ್ತಿಲವರೆಗೂ ಹೊತ್ತ, ಒಳಗೆ ಹೋಗಲಿಲ್ಲ.

ಭಾನುವಾರ ಮಣ್ಣು ಮಾಡಿದರು. ಅದೇ ಸಂಜೆ ಸುದ್ದಿ ಬಂತು: ವೇಳಾಪಟ್ಟಿ ಮೀರಿದ್ದಕ್ಕೆ ಕೋಲೀನ್‌ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ.

ಸೋಮವಾರ ಬೆಳಿಗ್ಗೆ ಬೇರೆ ಯಾವನೋ ಕ್ಯಾಪ್ಟನ್ ಫೆರಿ ತಂದು ಬಾಗಿಲು ತೆರೆದ. ದ್ವೀಪದವರೆಲ್ಲ ಸೂಟ್‌ಕೇಸು, ಚೀಲಗಳ ಸಮೇತ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು, ಡಬ್ಲಿನ್‌ಗೆ ಮರಳಿ ಕೆಲಸಕ್ಕೆ ಹೋಗಬೇಕಾದವರೂ. ಒಬ್ಬರೂ ಹತ್ತಲಿಲ್ಲ. ಫೆರಿ ಖಾಲಿಯಾಗಿ ಮರಳಿತು. ಮಧ್ಯಾಹ್ನವೂ ಹಾಗೆಯೇ. ಮಾರನೆಯ ದಿನವೂ. ಪತ್ರಿಕೆಯವರು ಬಂದು ಚಿತ್ರ ತೆಗೆದರು. ಕೊನೆಗೆ ಹ್ಯಾಕೆಟ್ ಸೊರಖಾಳಿಗೇ ಫೋನು ಮಾಡಿದ.

“ಏನು ಬೇಕು ನಿಮಗೆಲ್ಲ?”

“ಕೋಲೀನ್ ಬೇಕು. ಫೆರಿ ಅವನೇ ತರ್ಬೇಕು.”

ಬುಧವಾರ ಕೋಲೀನ್ ತಂದ. ಕಟ್ಟೆಯ ಮೇಲೆ ಚಪ್ಪಾಳೆ, ಶಿಳ್ಳೆ. ಪಬ್ಬಿನಲ್ಲಿ ಎಲ್ಲರೂ ಸೊರಖಾಳ ಬೆನ್ನು ತಟ್ಟಿದರು. “ಗೆದ್ದೆ ಬಿಡು! ಅವರ ಮೂಗು ಮಣ್ಣಿಗೆ ತಾಗಿಸಿದೆ!”

ಅವಳು ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. “ಏನು ಗೆದ್ದಿದ್ದು? ಸತ್ತವರನ್ನ ಮನೆಗೆ ತರೋದಕ್ಕೆ ಯುದ್ಧ ಮಾಡ್ಬೇಕಾ? ಆ ನಿಯಮದ ಬೋರ್ಡು ನಮ್ಮ ಕಟ್ಟೆಯ ಟಿಕೆಟ್ ಕಿಟಕಿ ಮೇಲೆ ಇವತ್ತಿಗೂ ನೇತಾಡ್ತಿದೆ, ಹೋಗಿ ಓದಿ. ನಾಳೆ ನೀವ್ಯಾರಾದ್ರೂ ಆಚೆ ದಡದಲ್ಲಿ ಕಣ್ಣು ಮುಚ್ಚಿದ್ರೆ?”

ಮೂಲೆಯಲ್ಲಿದ್ದ ಬಾರ್ಟ್ಲಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡ.

“ಅದನ್ನ ಕಿತ್ತು ಹಾಕೋಕೆ ಸ್ಪ್ಯಾನರ್ ಬೇಕಾ, ಬರೀ ಕೈ ಸಾಕಾ?” ಎಂದು ಕೇಳಿದ.

ಸೊರಖಾ ಲೋಟವನ್ನು ಅಲ್ಲೇ ಬಿಟ್ಟು ಅವನ ಹಿಂದೆ ಹೊರಟಳು. ಆಮೇಲೆ ಇನ್ನೊಂದಿಬ್ಬರು ಎದ್ದರು.