ತಿಂಗಳಿಗೊಂದು ಮನೆ

ಆ ವರ್ಷ ಚಳ್ಳಕೆರೆಯ ಸೇವಾ ಬಳಗದವರ ಕಿವಿಗೆ ಒಂದು ಸುದ್ದಿ ಬಿತ್ತು. ಪಿಯುಸಿ ಓದುವ ಇಬ್ಬರು ಹುಡುಗಿಯರು ಹಾಸ್ಟೆಲಿನಲ್ಲಿ ಸೀಟು ಸಿಗದೆ ಬಸ್ ಸ್ಟ್ಯಾಂಡಿನ ಹೆಂಗಸರ ಕೊಠಡಿಯಲ್ಲಿ ಮಲಗೆದ್ದು ಕಾಲೇಜಿಗೆ ಹೋಗುತ್ತಿದ್ದಾರಂತೆ. ಒಬ್ಬಳು ಕೊಂಡ್ಲಹಳ್ಳಿಯ ಸರಿತಾ. ಅಪ್ಪ ತೀರಿಕೊಂಡ ಮೇಲೆ ಮಳೆಗೆ ಮನೆಯ ಮಾಳಿಗೆ ಕುಸಿದು, ತಾಯಿ ಹುಚ್ಚಕ್ಕ ಮೊಳಕಾಲ್ಮುರಿನಲ್ಲಿ ನೇಕಾರರೊಬ್ಬರ ಮನೆಗೆ ರೇಷ್ಮೆ ನೂಲು ಸುತ್ತಲು ಸೇರಿ, ಅಲ್ಲೇ ಮಗ್ಗದ ಪಕ್ಕ ಮಲಗುತ್ತಿದ್ದಳು. ಇನ್ನೊಬ್ಬಳು ನನ್ನಿವಾಳದ ಓಬಕ್ಕ, ಹೆತ್ತವರಿಲ್ಲದವಳು. ಸಾಕಿದ ಸೋದರಮಾವ ಓದು ಸಾಕು ಎಂದಾಗ ಒಂದು ಚೀಲ ಹಿಡಿದು ಹೊರಟು ಬಂದಿದ್ದಳು.

ಬಳಗದ ಅಧ್ಯಕ್ಷರಾದ ಎಣ್ಣೆ ಮಿಲ್ಲಿನ ಶಿವಮೂರ್ತಪ್ಪನವರು ಸಭೆಯಲ್ಲಿ ಎದ್ದು ನಿಂತು, "ನಮ್ಮ ಮನೆಗಳು ಇರೋದಾದ್ರೂ ಯಾತಕ್ಕೆ? ತಿಂಗಳಿಗೊಂದು ಮನೆ ಅಂತ ಸರದಿ ಹಾಕಾಣ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸರಿತಾಳ ಸರದಿ ದಾಕ್ಷಾಯಿಣಿಯ ಮನೆಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ದಾಕ್ಷಾಯಿಣಿಯ ಗಂಡ ಮುರುಗೇಶ ಬಿತ್ತನೆ ಬೀಜದ ಅಂಗಡಿ ಇಟ್ಟಿದ್ದವನು. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಕ್ಕಳಿರಲಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ದಾಕ್ಷಾಯಿಣಿ ಮನೆಯಲ್ಲಿ ಒಬ್ಬಳೇ ಉಳಿದಳು. ಒಬ್ಬಳಿಗೆ ಮಾಡಿದ ಸಾರು ಎಷ್ಟು ಅಳತೆ ಹಿಡಿದರೂ ಮರುದಿನಕ್ಕೆ ಉಳಿಯುತ್ತಿತ್ತು. ಮನೆಯಲ್ಲಿ ಮನುಷ್ಯರ ದನಿ ಇರಲಿ ಎಂದು ರೇಡಿಯೋ ಹಚ್ಚಿಟ್ಟು, ಅದರಲ್ಲಿ ಏನು ಬರುತ್ತಿದೆ ಎಂಬುದನ್ನು ಕೇಳದೆಯೇ ಓಡಾಡುತ್ತಿದ್ದಳು. ಬಳಗ ಸೇರಿದ್ದೂ ಸೇವೆಯ ಹಂಬಲದಿಂದಲ್ಲ. ತಿಂಗಳಿಗೊಂದು ಸಲವಾದರೂ ನಾಲ್ಕು ಜನರ ನಡುವೆ ಕೂರಬಹುದಲ್ಲ ಎಂದು.

ಹುಡುಗಿ ಬಂದ ದಿನವೇ ದಾಕ್ಷಾಯಿಣಿ, "ನನ್ನ ದೊಡ್ಡವ್ವ ಅನ್ನು" ಎಂದಳು. ಸರಿತಾ ತಲೆಯಾಡಿಸಿ, "ಆಗ್ಲಿ ಅಮ್ಮಾರೆ" ಎಂದಳು. ಕೊನೆಯವರೆಗೂ ಅಮ್ಮಾರೇ ಆಯಿತು.

ಒಳ್ಳೆಯ ಹುಡುಗಿ. ಹೊತ್ತು ಮೂಡುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದಳು. ಉಂಡ ತಟ್ಟೆಯನ್ನು ಆ ಗಳಿಗೆಯಲ್ಲೇ ತೊಳೆದಿಡುತ್ತಿದ್ದಳು. ಇನ್ನೊಂದು ರೊಟ್ಟಿ ಹಾಕಲೇ ಎಂದರೆ, ಹಸಿವಿದ್ದರೂ ಸಾಕು ಎನ್ನುವಳು. ಅಲ್ಮೇರದಲ್ಲಿ ಜಾಗ ಮಾಡಿಕೊಟ್ಟರೂ ಬಟ್ಟೆಗಳು ಚೀಲದಲ್ಲೇ ಇರುತ್ತಿದ್ದವು. ನಾಚಿಕೆಯ ಸ್ವಭಾವ, ಹೊಂದಿಕೊಂಡರೆ ಸರಿಹೋಗುತ್ತಾಳೆ ಎಂದುಕೊಂಡಳು ದಾಕ್ಷಾಯಿಣಿ. ಸಂಜೆ ಸರಿತಾ ಗುನುಗುನು ಓದುವುದನ್ನು ಕೇಳುತ್ತಾ ಕೂತರೆ ರೇಡಿಯೋ ಹಚ್ಚುವುದೂ ಮರೆತುಹೋಗುತ್ತಿತ್ತು.

ಒಂದು ಭಾನುವಾರ ಇಬ್ಬರೂ ಹುಚ್ಚಕ್ಕನನ್ನು ನೋಡಲು ಮೊಳಕಾಲ್ಮುರಿಗೆ ಹೋದರು. ಬಸ್ಸು ತಳಕು ದಾಟುವವರೆಗೆ ಮಾತಿಲ್ಲದೆ ಕೂತಿದ್ದ ಹುಡುಗಿ, ಮೊಳಕಾಲ್ಮುರಿನ ಬಂಡೆಗುಡ್ಡ ಕಾಣುತ್ತಲೇ ಕಿಟಕಿಗೆ ಮುಖ ಒತ್ತಿದಳು. ನೇಕಾರರ ಮನೆಯ ಹಿತ್ತಿಲಲ್ಲಿ ಹುಚ್ಚಕ್ಕ ಮಗಳ ಕೆನ್ನೆ ಸವರಿ, "ತಿನ್ಯಾವಾ ಅಮ್ಮೀ?" ಎಂದು ಊಟ ವಿಚಾರಿಸಿದ್ದೇ ತಡ, ಸರಿತಾಳ ಬಾಯಿಂದ ತೆಲುಗು ಬಡಬಡನೆ ಹರಿಯಿತು. ಕೈ ಆಡಿಸಿ, ಕಣ್ಣರಳಿಸಿ, ನಡುನಡುವೆ ತಾಯಿಯ ಭುಜಕ್ಕೆ ಗುದ್ದಿ ಏನೇನೋ ಹೇಳಿದಳು. ದಾಕ್ಷಾಯಿಣಿಗೆ ಅಲ್ಲೊಂದು ಇಲ್ಲೊಂದು ಮಾತು ಮಾತ್ರ ತಿಳಿಯಿತು. ಇಷ್ಟೊಂದು ಮಾತು ಇವಳೊಳಗೆ ಎಲ್ಲಿತ್ತು ಎಂದು ನೋಡುತ್ತಾ ನಿಂತಳು.

ಹೊರಡುವಾಗ, ಸರಿತಾ ಚಪ್ಪಲಿ ಮೆಟ್ಟಲು ಆಚೆ ಹೋದಾಗ, ದಾಕ್ಷಾಯಿಣಿ ಹುಚ್ಚಕ್ಕನನ್ನು ಕೇಳಿಯೇಬಿಟ್ಟಳು. "ಓದು ಮುಗಿಯೋ ತನ ನಮ್ಮನೇಲೇ ಇರ್ಲಿ ಅಂತ ನನಗಾಸೆ. ನೀನೇನಂತೀಯ?"

ಹುಚ್ಚಕ್ಕ ಎರಡೂ ಕೈ ಜೋಡಿಸಿದಳು. "ಇದಕ್ಕಿಂತ ಇನ್ನೇನು ಬೇಕಮ್ಮ? ನಿನ್ನ ಮಗಳು ಅಂತ್ಲೇ ಇಟ್ಕೊ."

ಆ ಮಾತನ್ನು ದಾಕ್ಷಾಯಿಣಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೆಲುಕು ಹಾಕಿದಳು. ಸರಿತಾಳಿಗೆ ಹೇಳಲಿಲ್ಲ. ಬಳಗದ ಮುಂದಿನ ಸಭೆಯಲ್ಲಿ ಎಲ್ಲರೆದುರೇ ಹೇಳಿದರಾಯಿತು, ಹುಡುಗಿಗೂ ಖುಷಿಯಾಗುತ್ತದೆ ಎಂದುಕೊಂಡಳು. ಶಿವಮೂರ್ತಪ್ಪನವರಿಗೆ ಮಾತ್ರ, ಸಭೆಯಲ್ಲಿ ನನ್ನದೊಂದು ಮಾತಿದೆ ಎಂದು ತಿಳಿಸಿದಳು. ಒಂದು ಮಂಚ, ಹೊಸ ಹಾಸಿಗೆ ತರಿಸಿ ಕೋಣೆಯಲ್ಲಿ ಹಾಕಿಸಿದಳು.

ಸಭೆಯ ದಿನ ಬಳಗದ ಸಭಾಂಗಣ ತುಂಬಿತ್ತು. ಕಣ್ಣಿನ ಶಿಬಿರದ ಮಾತು ಮುಗಿದ ಮೇಲೆ ಶಿವಮೂರ್ತಪ್ಪನವರು ಹುಡುಗಿಯರನ್ನು ಮುಂದಕ್ಕೆ ಕರೆದರು. "ಹೆದರ್ಬೇಡ್ರವ್ವ. ನಮ್ಮ ಏರ್ಪಾಡು ಹೆಂಗೈತೆ, ಎರಡು ಮಾತು ಹೇಳ್ರಿ."

ಓಬಕ್ಕ ನೆಲ ನೋಡುತ್ತಾ ನಿಂತಳು. ಸರಿತಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಹೇಳತೊಡಗಿದಳು. "ಎಲ್ಲಾರೂ ಚೆನ್ನಾಗಿ ನೋಡ್ಕಂಡಿದೀರಿ. ಊಟಕ್ಕೆ, ಬಟ್ಟೆಗೆ ಏನೂ ಕೊರತೆ ಇಲ್ಲ. ಆದ್ರೆ ಒಂದು ಮನೇಲಿ ಉಪ್ಪಿನ ಡಬ್ಬಿ ಎಲ್ಲೈತೆ ಅಂತ ಗೊತ್ತಾಗೋ ಹೊತ್ತಿಗೆ ಇನ್ನೊಂದು ಮನೆ ಬರ್ತೈತೆ. ಕೆಮ್ಮು ಬಂದ್ರೆ ಯಾರಿಗೆ ನಿದ್ದೆ ಕೆಡ್ತೈತೋ ಅಂತ ಹೊದಿಕೆ ಕಚ್ಕಂಡು ಮಲಗ್ತೀನಿ." ಇಷ್ಟು ಹೇಳಿ ಹಿಂದಿನ ಗೋಡೆಯ ಕಡೆ ಕೈ ತೋರಿಸಿದಳು. "ಈ ಹಾಲ್ ಹಿಂದೆ ಕುರ್ಚಿ ಇಡೋ ರೂಮ್ ಐತಲ್ರಿ. ಅದನ್ನ ಕೊಟ್ರೆ ನಾವಿಬ್ರೂ ಅಡುಗೆ ಮಾಡ್ಕಂಡು ಇರ್ತೀವಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಮೊದಲ ತಿಂಗಳು ಸರಿತಾಳನ್ನು ಇಟ್ಟುಕೊಂಡಿದ್ದ ಜಗದಾಂಬ ಎದ್ದೇಬಿಟ್ಟಳು. "ಅಲ್ಲಮ್ಮ, ನಮ್ಮನೇಲಿ ನಿನಗೇನು ಕಡಿಮೆ ಮಾಡಿದ್ವಿ?"

"ಏನೂ ಇಲ್ರಿ," ಎಂದಳು ಸರಿತಾ.

ಶಿವಮೂರ್ತಪ್ಪನವರ ಮುಖ ಗಂಟಿಕ್ಕಿತು. "ಎರಡು ಹೆಣ್ಣುಮಕ್ಕಳನ್ನ ಒಂಟಿ ರೂಮಲ್ಲಿ ಬಿಟ್ಟು, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ? ಇದು ಆಗೋ ಮಾತಲ್ಲ." ಆಮೇಲೆ ನೆನಪಾದವರಂತೆ ಇತ್ತ ತಿರುಗಿದರು. "ದಾಕ್ಷಾಯಿಣಮ್ಮ, ನೀವೇನೋ ಹೇಳ್ಬೇಕು ಅಂದಿದ್ರಲ್ಲ, ಹೇಳ್ರಿ."

ದಾಕ್ಷಾಯಿಣಿ ಎದ್ದು ನಿಂತಳು. ಹೇಳಬೇಕಾದದ್ದನ್ನು ಮನೆಯಲ್ಲಿ ಎಷ್ಟು ಸಲ ಹೇಳಿ ನೋಡಿಕೊಂಡಿದ್ದಳೋ. ಈಗ ಹೇಳಿದರೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ, ತಾಯಿಯೂ ಒಪ್ಪಿದ್ದಾಳೆ, ಹುಡುಗಿ ಇಲ್ಲವೆನ್ನಲಾರಳು. ಸರಿತಾಳ ಕಡೆ ನೋಡಿದಳು. ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ಯಾವ ಮನೆಯ ಹೆಸರು ಬಂದರೂ ಚೀಲ ಎತ್ತಿಕೊಂಡು ಹೋಗಿಬಿಡುವವಳ ಹಾಗೆ.

"ರೂಮು ಕೊಟ್ಟುಬಿಡಾಣ್ರಿ," ಎಂದಳು ದಾಕ್ಷಾಯಿಣಿ. ಅವಳಿಗೇ ಅವಳ ದನಿ ಅಪರಿಚಿತವಾಗಿ ಕೇಳಿಸಿತು. "ಪಕ್ಕದಲ್ಲೇ ಅಜ್ಜಪ್ಪ ಮೇಷ್ಟ್ರ ಸಂಸಾರ ಐತೆ, ಕೂಗಿದ್ರೆ ಕೇಳ್ತೈತೆ. ಬಾಗಿಲಿಗೆ ಒಳಗಿಂದ ಗಟ್ಟಿ ಚಿಲಕ ಹಾಕಿಸಾಣ. ಜವಾಬ್ದಾರಿ ನನ್ನದು ಅಂತ ತಿಳ್ಕೊಳ್ರಿ. ಮಂಚ, ಹಾಸಿಗೆ ನಮ್ಮನೇಲಿ ಹೊಸಾದು ಐತೆ, ಕಳಿಸ್ತೀನಿ."

ಜವಾಬ್ದಾರಿ ಹೊರುವವರು ಸಿಕ್ಕ ಮೇಲೆ ಶಿವಮೂರ್ತಪ್ಪನವರು ಹೆಚ್ಚು ಎಳೆಯಲಿಲ್ಲ. ಜಗದಾಂಬ ಮಾತ್ರ ಚಹಾ ಕುಡಿಯುವಾಗ ಹತ್ತಿರ ಬಂದು, "ನಿಮ್ಮ ಮನೇಲೂ ನಿಲ್ಲಲಿಲ್ಲ ನೋಡ್ರಿ" ಎಂದಳು. ದಾಕ್ಷಾಯಿಣಿ ಲೋಟದೊಳಗೆ ನೋಡುತ್ತಾ ಹೂಂ ಎಂದಳು.

ಸರಿತಾ ಹೊರಡುವ ದಿನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಒಂದು ಗಳಿಗೆ ಹಾಗೇ ಬಾಗಿ ನಿಂತಿದ್ದಳು. "ಚೆನ್ನಾಗಿ ಓದ್ಕೊ" ಎಂದಳು ದಾಕ್ಷಾಯಿಣಿ.

ಮುಂದಿನ ತಿಂಗಳ ಸಭೆಗೆ ದಾಕ್ಷಾಯಿಣಿ ಹಿಂದಿನ ಸಾಲಿನಲ್ಲಿ, ಗೋಡೆಯ ಬದಿಗೆ ಕೂತಳು. ಶಿವಮೂರ್ತಪ್ಪನವರು ಬೇಸಿಗೆಗೆ ಎಲ್ಲೆಲ್ಲಿ ನೀರಿನ ಅರವಟ್ಟಿಗೆ ಇಡಬೇಕೆಂದು ಹೇಳುತ್ತಿದ್ದರು. ಗೋಡೆಯಾಚೆ ಏನೋ ಪಾತ್ರೆ ಬಿದ್ದ ಸದ್ದು. ಹಿಂದೆಯೇ ಓಬಕ್ಕನ ಕೂಗು, ಅದರ ಮೇಲೆ ಸರಿತಾಳ ನಗು. ತಡೆಯಿಲ್ಲದ, ಉಸಿರುಗಟ್ಟುವಂಥ ನಗು. ತನ್ನ ಮನೆಯಲ್ಲಿ ಒಂದು ತಿಂಗಳಿದ್ದ ಹುಡುಗಿಗೆ ಇಂಥದೊಂದು ನಗು ಇತ್ತೆಂದು ದಾಕ್ಷಾಯಿಣಿಗೆ ಗೊತ್ತಿರಲಿಲ್ಲ. ಸಭೆಯವರು ಒಂದಿಬ್ಬರು ತಿರುಗಿ ನೋಡಿದರು. ಅವಳು ಗೋಡೆಗೆ ಇನ್ನಷ್ಟು ಒರಗಿ ಕೂತಳು.

ಸಭೆ ಮುಗಿದ ಮೇಲೆ ಹಿಂದಿನ ಬಾಗಿಲ ಬಳಿ ಹೋದಳು. ಸರಿತಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಬರ್ರಿ ಅಮ್ಮಾರೆ, ಒಳಗೆ ಬರ್ರಿ. ರೊಟ್ಟಿ ಬಿಸಿ ಐತೆ, ಉಂಡು ಹೋಗ್ರಿ" ಎಂದಳು. ಮುಖದಲ್ಲಿ ಕಳೆ ಇತ್ತು.

"ಇನ್ನೊಂದು ದಿನ ಬರ್ತೀನವ್ವ," ಎಂದಳು ದಾಕ್ಷಾಯಿಣಿ. "ಮನೇಲಿ ಸಾರು ಉಳ್ದೈತೆ."

ಎಣ್ಣೆ ಮಿಲ್ಲುಗಳಿಂದ ಆಳುಗಳು ಗುಂಪು ಗುಂಪಾಗಿ ಮಾತಾಡಿಕೊಂಡು ಮನೆಗೆ ಮರಳುತ್ತಿದ್ದರು. ದಾಕ್ಷಾಯಿಣಿ ರಸ್ತೆಯ ಅಂಚು ಹಿಡಿದು ಅವರಿಗೆ ದಾರಿ ಬಿಡುತ್ತಾ ನಡೆದಳು.