ಹದಿನೇಳನೇ ನಂಬರಿನ ಪೊಟ್ಟಣ

ಸ್ಕೂಲಲ್ಲಿ ಕೊಟ್ಟ ಹೋಮ್‌ವರ್ಕ್ ಇಷ್ಟೇ: ‘ನಮ್ಮ ಮನೆಯ ಕ್ರಿಸ್‌ಮಸ್’, ಹತ್ತು ಸಾಲು. ಒಂಬತ್ತು ವರ್ಷದ ದೊಡ್ಡ ಮಗಳು ಪೆನ್ಸಿಲ್ಲಿನ ಬಾಲ ಕಚ್ಚುತ್ತಾ ಎರಡು ಸಾಲು ಬರೆದಳು. ‘ಬೆಳಿಗ್ಗೆ ಚರ್ಚಿಗೆ ಹೋಗುತ್ತೇವೆ. ಮಧ್ಯಾಹ್ನ ಅಪ್ಪ ನಿದ್ದೆ ಮಾಡುತ್ತಾರೆ.’ ಅಲ್ಲಿಗೆ ಬಂಡಿ ನಿಂತಿತು.

“ಅಮ್ಮಾ, ನನ್ನ ಪಕ್ಕ ಕೂರೋಳ ಮನೇಲಿ ಪ್ರತಿ ವರ್ಷ ಎಲ್ಲರೂ ಸೇರಿ ನಾಟಕ ಆಡ್ತಾರಂತೆ. ನಮ್ಮನೇಲಿ ಪ್ರತಿ ವರ್ಷ ಏನು ಮಾಡ್ತೀವಿ?”

ಅಮ್ಮನಿಗೆ ಆ ಪ್ರಶ್ನೆ ನೇರವಾಗಿ ಎದೆಗೇ ತಾಗಿತು. ಬಾವಿಯಲ್ಲಿದ್ದರೆ ತಾನೇ ಕೊಡಕ್ಕೆ ಬರುವುದು? ಅವಳು ಬೆಳೆದದ್ದು ತಬ್ಬಲಿ ಮಕ್ಕಳ ಹಾಸ್ಟೆಲಿನಲ್ಲಿ. ಅಲ್ಲಿ ತಟ್ಟೆಗೂ ನಂಬರು, ಹಾಸಿಗೆಗೂ ನಂಬರು. ಕ್ರಿಸ್‌ಮಸ್ಸಿಗೆ ಯಾರೋ ಪುಣ್ಯಾತ್ಮರು ಕಳಿಸಿದ ಪೆಟ್ಟಿಗೆ ಬರುತ್ತಿತ್ತು. ವಾರ್ಡನ್ ‘ಹದಿನೇಳು!’ ಎಂದು ಕೂಗಿದರೆ ಇವಳು ಹೋಗಿ ಕೈಯೊಡ್ಡಬೇಕು. ಒಂದು ವರ್ಷ ಬಂದದ್ದು ಯಾವುದೋ ಗಂಡಸಿನ ಕೈಗವಸು. ತೊಟ್ಟರೆ ಬೆರಳುಗಳ ತುದಿ ಅರ್ಧಕ್ಕರ್ಧ ಖಾಲಿ. ಏಳು ವರ್ಷದ ಹುಡುಗಿ ಅದನ್ನೇ ತೊಟ್ಟು ಚಳಿಗಾಲ ಕಳೆದಳು. ತನ್ನ ಮಕ್ಕಳನ್ನು ಯಾರೂ ನಂಬರಿನಿಂದ ಕರೆಯಬಾರದು ಎಂದು ದೊಡ್ಡವಳನ್ನು ಹೆತ್ತ ದಿನವೇ ಅವಳು ನಿರ್ಧರಿಸಿದ್ದಳು. ಆದರೆ ಈ ಹದಿನೇಳರ ಕಥೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಈ ವರ್ಷದಿಂದ ಮಾಡೋಣ ಪುಟ್ಟಿ,” ಅಂದಳು. “ನೀನು ಮುದುಕಿ ಆದ ಮೇಲೂ ನೆನಪಿರಬೇಕು, ಅಂಥದ್ದು.”

ಹೇಳುವುದು ಸುಲಭ. ಮೊದಲು ಎಲ್ಲರೂ ಸೇರಿ ಹಾಡುವುದು ಎಂದಾಯಿತು. ಬಸ್ ಓಡಿಸುವ ಗಂಡ ಬಾಯಿ ತೆರೆದ ಕೂಡಲೇ ಐದು ವರ್ಷದ ಚಿಕ್ಕವಳು ಕಿವಿ ಮುಚ್ಚಿಕೊಂಡು ಮಂಚದಡಿ ಸೇರಿದಳು. ಆಮೇಲೆ ಕೇಕು. ಕೇಕು ಎಂಬ ಹೆಸರಿನಲ್ಲಿ ಹೊರಬಂದದ್ದನ್ನು ಅತ್ತೆ ಬೆರಳಿನಿಂದ ತಟ್ಟಿ ನೋಡಿ, “ಲೇ ಇವಳೇ, ಗಾಳಿಗೆ ಬಾಗಿಲು ಬಡ್ಕೊಳ್ತಿತ್ತಲ್ಲ, ಅಡ್ಡ ಇಡೋಕೆ ಸಿಕ್ತು ಬಿಡು,” ಅಂದರು. ಮದುವೆಯಾಗಿ ಹತ್ತು ವರ್ಷವಾದರೂ ಅತ್ತೆಯ ಬಾಯಲ್ಲಿ ಸೊಸೆಗೆ ‘ಇವಳೇ’ ಎಂಬುದೇ ಹೆಸರು. ಕೆಟ್ಟವರಲ್ಲ, ಬಾಯಿ ಮಾತ್ರ ಸ್ವಲ್ಪ ಖಾರ.

ಕೊನೆಗೆ ಉಳಿದದ್ದು ಉಡುಗೊರೆ. ಅವಳು ಕದ್ದುಮುಚ್ಚಿ ಹೊಲಿದಳು, ಹೆಣೆದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ತಾನು ಕೆಲಸ ಮಾಡುವ ಲಾಂಡ್ರಿಯಲ್ಲೇ ಕೂತು ನಾಲ್ಕು ಪೊಟ್ಟಣ ಕಟ್ಟಿದಳು. ಹನ್ನೆರಡು ವರ್ಷದಿಂದ ಜನರ ಬಟ್ಟೆ ಮಡಿಸಿ ಕಂದು ಕಾಗದದಲ್ಲಿ ಕಟ್ಟಿದ ಕೈ ಅದು. ಕೋಟು ಕೊಡಿ, ಕರವಸ್ತ್ರ ಕೊಡಿ, ಒಳಗೆ ರಟ್ಟಿಟ್ಟು ಒಂದೇ ಅಳತೆಗೆ ತರುತ್ತದೆ.

ಹಬ್ಬದ ಬೆಳಿಗ್ಗೆ ಚರ್ಚಿನಿಂದ ಬಂದು ಎಲ್ಲರೂ ಚಾಪೆಯ ಮೇಲೆ ಕೂತರು. ಅವಳು ಚೀಲದಿಂದ ಪೊಟ್ಟಣ ತೆಗೆದಳು. ತೆಗೆದವಳು ಹಾಗೇ ನಿಂತುಬಿಟ್ಟಳು. ನಾಲ್ಕೂ ಪೊಟ್ಟಣಕ್ಕೆ ಲಾಂಡ್ರಿಯ ಬಟ್ಟೆಚೀಟಿ ಪಿನ್ ಆಗಿತ್ತು. ಒಂದು, ಎರಡು, ಮೂರು, ನಾಲ್ಕು. ಹೆಸರಿಲ್ಲ. ಲಾಂಡ್ರಿಯಲ್ಲಾದರೆ ಯಾವ ನಂಬರು ಯಾರದೆಂದು ಬರೆದ ಪುಸ್ತಕವಿರುತ್ತದೆ. ಇಲ್ಲಿ ಅದೂ ಇಲ್ಲ. ಅಭ್ಯಾಸದ ಕೈ ತನ್ನ ಪಾಡಿಗೆ ಚುಚ್ಚಿತ್ತು.

ಯಾವುದು ಬೇಡವೆಂದು ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಳೋ ಅದನ್ನೇ ತನ್ನ ಕೈಯಾರೆ ಮಕ್ಕಳಿಗೆ ಮಾಡಿದ್ದಳು. “ತಡೀರಿ, ತಪ್ಪಾಗಿದೆ, ಚೀಟಿ ಕೀಳ್ತೀನಿ,” ಎನ್ನುವಷ್ಟರಲ್ಲಿ ಚಿಕ್ಕವಳು “ನಂಗೆ ಮೂರು!” ಎಂದು ಕಸಿದುಕೊಂಡು ಆಗಿತ್ತು. ಉಳಿದವರೂ ಕೈಗೆ ಸಿಕ್ಕಿದ್ದು ಬಿಚ್ಚಿದರು.

ಅತ್ತೆಗೆ ಬಂದದ್ದು ಗೊಂಬೆಯಂಥ ಫ್ರಿಲ್ಲಿನ ಫ್ರಾಕು. “ಲೇ ಇವಳೇ, ನನ್ನ ಮದುವೇಲೂ ಇಷ್ಟು ಫ್ರಿಲ್ ಇರಲಿಲ್ಲ ಕಣೇ!” ಎಂದು ಎದೆಗೆ ಹಿಡಿದು ತೋರಿಸಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಚಿಕ್ಕವಳು ಪಾದದವರೆಗೆ ಇಳಿದ ಸ್ವೆಟರಿನಲ್ಲಿ ಮುಳುಗಿದ್ದಳು. ದೊಡ್ಡವಳ ಕೈಯಲ್ಲಿ ಮಫ್ಲರ್. ಗಂಡ ಉಣ್ಣೆಯ ಮೊಣಕಾಲು ಪಟ್ಟಿಗಳನ್ನು ತೋಳಿಗೆ ಏರಿಸಿಕೊಂಡು ಇದೇನೆಂದು ಯೋಚಿಸುತ್ತಿದ್ದ.

“ಸುಮ್ನೆ ಬದಲಾಯಿಸ್ಕೊಳ್ಳೋ ಹಾಗಿಲ್ಲ,” ದೊಡ್ಡವಳು ಕಾನೂನು ಮಾಡಿದಳು. “ಯಾರದು, ಯಾಕೆ ಅಂತ ಹೇಳಿ ಕೊಡಬೇಕು.”

“ಇದು ಅಕ್ಕಂದು,” ಅಂದಳು ಚಿಕ್ಕವಳು. “ಯಾಕಂದ್ರೆ ಎರಡು ದೊಡ್ಡ ಜೇಬಿದೆ. ಅಕ್ಕ ದಾರೀಲಿ ಸಿಕ್ಕ ಕಲ್ಲೆಲ್ಲ ಮನೆಗೆ ತರ್ತಾಳೆ.”

ದೊಡ್ಡವಳು ಮಫ್ಲರ್ ಎತ್ತಿ ಹಿಡಿದಳು. “ಇದು ಅಪ್ಪಂದು. ಬಸ್ಸಿನ ಕಿಟಕಿ ಮುಚ್ಚಕ್ಕಾಗಲ್ಲ, ಅದಕ್ಕೇ ಕೆಮ್ಮು.”

ಗಂಡ ಪಟ್ಟಿಗಳನ್ನು ತೆಗೆದು ತಾಯಿಯ ಮಡಿಲಲ್ಲಿಟ್ಟ. “ಇದು ನಿಂದಮ್ಮ. ಮೆಟ್ಟಿಲು ಹತ್ತುವಾಗ ನೀನು ಹಾಡು ಗುನುಗ್ತೀಯಲ್ಲ, ನರಳೋದು ನಮಗೆ ಕೇಳಿಸಬಾರದು ಅಂತ.”

ಅಜ್ಜಿಯ ನಗು ನಿಂತಿತು. ಆ ಗುಟ್ಟು ತಮ್ಮೊಬ್ಬರದೇ ಎಂದುಕೊಂಡಿದ್ದರು ಪಾಪ. ಕಣ್ಣೊರೆಸಿಕೊಂಡು, ಫ್ರಾಕನ್ನು ಚಿಕ್ಕವಳ ತಲೆಯ ಮೇಲಿಂದ ಇಳಿಸಿ, “ಇದು ಈ ಕೋತಿದು, ಕಾರಣ ಬೇರೆ ಹೇಳ್ಬೇಕಾ?” ಅಂದರು.

ಆಗ ದೊಡ್ಡವಳು ಚೀಲದೊಳಗೆ ಇಣುಕಿದಳು. “ಅಮ್ಮಾ, ನಿಂದೆಲ್ಲಿ?”

ತನಗೊಂದು ಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಏನೋ ಹೇಳಿ ಹಾರಿಸಬಹುದಿತ್ತು. ಆದರೆ ಚಾಪೆಯ ಮೇಲೆ ಬಿದ್ದ ನಾಲ್ಕು ಚೀಟಿ ನೋಡುತ್ತಾ ಎಲ್ಲವನ್ನೂ ಹೇಳಿಬಿಟ್ಟಳು: ಹಾಸ್ಟೆಲು, ಪೆಟ್ಟಿಗೆ, ಹದಿನೇಳು, ಗಂಡಸಿನ ಕೈಗವಸು. ಚಿಕ್ಕವಳು, “ಹದಿನೇಳು ನಮ್ಮೆಲ್ಲರ ನಂಬರಿಗಿಂತ ದೊಡ್ಡದು ಅಲ್ವಾ?” ಎಂದು ಮೆಚ್ಚುಗೆಯಿಂದ ಕೇಳಿದಳು.

ಮರುವರ್ಷ ಅವಳು ಎಚ್ಚರ ವಹಿಸಿ ಹೆಸರು ಬರೆಯಲು ಹೊರಟಾಗ ಮನೆಯಲ್ಲಿ ದಂಗೆಯೇ ಎದ್ದಿತು.

“ಹೆಸರು ಬರೆದ್ರೆ ನಾವು ಬಿಚ್ಚೋದೇ ಇಲ್ಲ,” ಅಂದರು ಮಕ್ಕಳು. “ನಮ್ಮನೇಲಿ ಪ್ರತಿ ವರ್ಷ ನಂಬರೇ!”

ಪ್ರತಿ ವರ್ಷವಂತೆ! ನಡೆದದ್ದು ಒಂದೇ ಸಲ. ಅವಳು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಒಂದು ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಅಷ್ಟು ಖುಷಿಯಾಗಿತ್ತು.

ಹಬ್ಬದ ದಿನ ಚಾಪೆಯ ಮೇಲೆ ಐದು ಪೊಟ್ಟಣ. ನಾಲ್ಕು ಅವಳು ಕಟ್ಟಿದ್ದು. ಐದನೆಯದು ಊದಿಕೊಂಡು, ಸೊಟ್ಟಗೆ, ಮೂವತ್ತು ಗಂಟು ಹಾಕಿಸಿಕೊಂಡು ಕೂತಿತ್ತು. ಚೀಟಿಯ ಮೇಲೆ ದೊಡ್ಡವಳ ಅಕ್ಷರದಲ್ಲಿ 17. ಅದು ಸೀದಾ ಅತ್ತೆಯ ಕೈಗೇ ಹೋಯಿತು. ಹೇಗೆ ಹೋಯಿತೆಂದು ಕೇಳಬೇಡಿ. ಬಿಚ್ಚಿದರೆ ಒಂದು ಜೊತೆ ಕೈಗವಸು, ನೀಲಿ ಉಣ್ಣೆಯದು. ಹೆಣಿಗೆ ಅತ್ತೆಯದೇ ಎಂದು ಕುರುಡರೂ ಹೇಳುತ್ತಿದ್ದರು. ಆದರೂ ಆಕೆ ಕನ್ನಡಕ ಏರಿಸಿ, ಮೊದಲ ಸಲ ಕಂಡವರ ಹಾಗೆ ಅತ್ತಿತ್ತ ತಿರುಗಿಸಿ ನೋಡಿದರು.

ಆಮೇಲೆ ಸೊಸೆಯನ್ನು ಹೆಸರು ಹಿಡಿದು ಕರೆದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

“ಇದು ನಿಂದು ಕಣಮ್ಮ. ಯಾಕಂದ್ರೆ ಸೋಪಿನ ನೀರಲ್ಲಿ ನಿನ್ನ ಬೆರಳು ಬಿರಿಯೋದನ್ನ ನಾನು ದಿನಾ ನೋಡ್ತೀನಿ. ನೋಡಿನೂ ಸುಮ್ನಿದ್ದೆ.”

ಅವಳು ಒಂದೊಂದೇ ಬೆರಳು ತೂರಿಸಿದಳು. ಅಳು ಬಂತು, ತಡೆಯಲಿಲ್ಲ. ಹತ್ತು ಬೆರಳಲ್ಲಿ ಒಂದರ ತುದಿಯೂ ಖಾಲಿ ಉಳಿಯಲಿಲ್ಲ.